ಮಣ್ಣಿನ ಗುರುತಿಗೆ ನೆಟ್ಟ ಗುಲಾಬಿ

ನಾನು ಒಂದು ಪನ್ನೀರು ಗುಲಾಬಿ. ಬೀಜದಿಂದ ಹುಟ್ಟಿದ್ದಲ್ಲ, ಕುಡುಗೋಲಿನಿಂದ. ವಿಜಯಪುರದ ಒಂದು ಹಳೆಯ ಓಣಿಯಲ್ಲಿ ನೀಲಗಂಗವ್ವನ ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ನನ್ನ ತಾಯಿಗಿಡ ಇತ್ತು. ಒಂದು ಮುಂಜಾನೆ ಅವಳು ಅದರ ಬಲಿತ ಟೊಂಗೆಯೊಂದನ್ನು ಕತ್ತರಿಸಿ, ಎಲೆ ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಯಿಂದ ಹೊರಟಳು. ಆ ಕಡ್ಡಿಯೇ ನಾನು.

ನೋಡಲು ನಾನು ಅಷ್ಟಕ್ಕಷ್ಟೆ. ಬಿಳಿಚಿದ ಬಣ್ಣ, ಒತ್ತೊತ್ತಾದ ಎಸಳು, ಮೈತುಂಬ ಮುಳ್ಳು. ಪ್ಲಾಸ್ಟಿಕ್ ಸುತ್ತಿಕೊಂಡು ಅಂಗಡಿಯಲ್ಲಿ ನಿಲ್ಲುವ ಕೆಂಪು ಹೂಗಳ ಮುಂದೆ ನನ್ನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೋಡದಿದ್ದರೆ ಅಷ್ಟೇ ಹೋಯಿತು. ಆ ಹೂಗಳಿಗೆ ವಾಸನೆಯೇ ಇಲ್ಲ, ಈ ಊರಿನ ಏಪ್ರಿಲ್ ಬಿಸಿಲಿಗೆ ಮುಖ ಬಾಡಿಸಿಕೊಂಡು ಸಾಯುತ್ತವೆ. ನಾನು ತಡೆಯುತ್ತೇನೆ. ಬೇಕಾದರೆ ಸೊಕ್ಕು ಅನ್ನಿ.

ನನ್ನ ವಾಸನೆಗೆ ಸೋತವಳು ನೀಲಗಂಗವ್ವನ ಮಗಳು ದಾನಮ್ಮ. ನಾನಿನ್ನೂ ತಾಯಿಗಿಡದ ಮೈಮೇಲಿದ್ದಾಗ ಕಂಡ ಹುಡುಗಿ. ಅವ್ವ ಎಸಳಿಗೆ ಸಕ್ಕರೆ ಬೆರೆಸಿ ಗುಲ್ಕನ್ ಮಾಡಲು ಬಾಟಲಿಯನ್ನು ಬಿಸಿಲಿಗಿಟ್ಟರೆ, ಇವಳು ಅದು ಆಗುವ ಮುಂಚೆಯೇ ಬೆರಳದ್ದಿ ನೆಕ್ಕುತ್ತಿದ್ದಳು. ಒಮ್ಮೆ ಅವಳಿಗೆ ಜ್ವರ ಬಂತು, ಇಳಿಯಲಿಲ್ಲ. ಬಾಟಲಿ ಅರ್ಧ ಹಾಗೆಯೇ ಉಳಿಯಿತು.

ನೀಲಗಂಗವ್ವ ನನ್ನನ್ನು ಕೊಂಡೊಯ್ದದ್ದು ರುದ್ರಭೂಮಿಗೆ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ಕೈಯಲ್ಲಿ ಲಿಂಗ ಕೊಟ್ಟು ಮಣ್ಣಲ್ಲಿ ಕೂಡಿಸುತ್ತಾರೆ. ದುಡ್ಡಿದ್ದವರು ಮೇಲೆ ಕಲ್ಲು ಕಟ್ಟಿಸುತ್ತಾರೆ. ಇಲ್ಲದವರದ್ದು ಮಣ್ಣಿನ ದಿಬ್ಬ, ಎರಡು ಮಳೆಗಾಲ ಕಳೆದರೆ ಅದೂ ಇಲ್ಲ. ಆ ಹಸಿ ದಿಬ್ಬದ ಮೇಲೆ ಅವಳು ನನ್ನನ್ನು ಊರುವಾಗ, ಜೊತೆಗೆ ಬಂದಿದ್ದ ನಾದಿನಿ ಕೈ ಹಿಡಿದಳು.

"ಕೂಸಿನ ಮೈಮ್ಯಾಲ ಮುಳ್ಳು ಹಚ್ತಿಯೇನ, ನೀಲಾ?"

"ಮುಳ್ಳಿದ್ರ ನಾಯಿ ಕೆದರೂದಿಲ್ಲ" ಎಂದಳು ನೀಲಗಂಗವ್ವ.

ನಾನು ಬೇರು ಬಿಟ್ಟದ್ದು ಆ ಮಣ್ಣಿನಲ್ಲಿ. ಏನು ತಿಂದು ಬೆಳೆದೆ ಎಂದು ನನ್ನನ್ನು ಕೇಳಬೇಡಿ.

ಅವಳು ವರ್ಷಗಟ್ಟಲೆ ಕೊಡ ಹೊತ್ತು ತಂದು ನೀರು ಹಾಕಿದಳು. ಒಂದು ಹೂವನ್ನೂ ಕೀಳಲಿಲ್ಲ. ಗಂಡ ಚನಮಲ್ಲಪ್ಪ ಮಾತ್ರ ಮಗಳನ್ನು ಮಣ್ಣಿಗಿಟ್ಟು ಹೋದವನು ಮತ್ತೆ ಈ ಕಡೆ ಮುಖ ಹಾಕಲಿಲ್ಲ. ಕೊನೆಗೆ ನೀಲಗಂಗವ್ವನ ಮೊಣಕಾಲು ಹೋಗಿ, ನಡೆಯುವುದೇ ಆಗದೆ, ಒಂದು ದಿನ ಅವನನ್ನೇ ಜೊತೆಗೆ ಕರೆದುಕೊಂಡು ಟಂಟಂ ರಿಕ್ಷಾದಲ್ಲಿ ಬಂದಳು. ಅದೇ ಅವಳ ಕೊನೆಯ ಬರವು.

"ಇನ್ನ ನನಗ ಬರಾಕಾಗೂದಿಲ್ರಿ. ಗಿಡ ನೀವು ನೋಡ್ಕೋರಿ. ನಾ ಹೋದ್ರ ದಾನವ್ವನ ಬಾಜೂಕs ಕುಂಡ್ರಸ್ರಿ. ಅಕಿ ಒಬ್ಬಾಕೀನs ಮಲಗಿದಾಕಿ ಅಲ್ಲ, ಅಂಜತಾಳ."

ಅವನು ತಲೆ ಆಡಿಸಿದ. ಮುಂದೆ ಅವನೇ ಬರತೊಡಗಿದ.

ಅವನು ಒಬ್ಬ ಸಾಹೇಬರ ಬಂಗಲೆಯಲ್ಲಿ ಮಾಲಿ. ಅಲ್ಲಿನ ಗುಲಾಬಿಗಳೆಲ್ಲ ಕಸಿ ಮಾಡಿದವು. ಕೆಳಗೆ ಕಾಡುಗುಲಾಬಿಯ ಬೇರು, ಮೇಲೆ ಚೆಂದದ ತಲೆ. ಬುಡದಿಂದ ಕುಡಿ ಒಡೆದರೆ ಅದು ಕಾಡಿನದು, ಬಿಟ್ಟರೆ ಮೇಲಿನ ಗಿಡವನ್ನೇ ನುಂಗುತ್ತದೆ. ಆದ್ದರಿಂದ ಕಂಡ ಕೂಡಲೆ ಕತ್ತರಿಸಬೇಕು. ಅವನ ಕೈಗೆ ಇದು ಅಂಟಿಹೋಗಿತ್ತು. ಆದರೆ ನಾನು ಕಸಿಯಲ್ಲ. ಬೇರೂ ನಾನೇ, ತಲೆಯೂ ನಾನೇ. ಹಳೆಯ ಟೊಂಗೆಗಳು ಮುಪ್ಪಾದಂತೆ ಬುಡದಿಂದ ಏಳುವ ಕುಡಿಗಳೇ ನನ್ನ ಮುಂದಿನ ಬದುಕು. ಅವನು ಒಂದೊಂದನ್ನೂ ಹುಡುಕಿ ಹುಡುಕಿ ಕತ್ತರಿಸಿದ. ಎಷ್ಟು ಅಕ್ಕರೆಯಿಂದ ಎಂದರೆ, ಮಗಳ ತಲೆ ಬಾಚುತ್ತಿದ್ದಾನೆ ಅನ್ನಬೇಕು.

"ಈಗ ನೋಡು, ಹೆಂಗ ಚೊಕ್ಕ ಆತು" ಎನ್ನುತ್ತಿದ್ದ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ, ಅದೇ ಸಂಕಟ. ಕೊಲ್ಲುವವನು ದ್ವೇಷದಿಂದ ಬಂದರೆ ಮುಳ್ಳಾದರೂ ಚುಚ್ಚಬಹುದು.

ಹಳೆಯ ಟೊಂಗೆಗಳು ಒಂದೊಂದಾಗಿ ಒಣಗಿದವು, ಹೊಸದು ಬರಲು ಅವನು ಬಿಡಲಿಲ್ಲ. ನಾನು ಸೊರಗಿದಷ್ಟೂ ಅವನು ಹೆಚ್ಚು ಆರೈಕೆ ಮಾಡಿದ, ಅಂದರೆ ಹೆಚ್ಚು ಕತ್ತರಿಸಿದ. ಒಂದು ಬೇಸಿಗೆಯಲ್ಲಿ ನನ್ನ ಕೊನೆಯ ಟೊಂಗೆಯೂ ಕರ್ರಗಾಯಿತು. ಆಗಲೇ ಓಣಿಯ ಹಿರಿಯರು ರುದ್ರಭೂಮಿ ಸ್ವಚ್ಛ ಮಾಡಿಸಲು ಜೆಸಿಬಿ ತರಿಸಿದರು. ಜಾಲಿಕಂಟಿಯ ಜೊತೆ ನನ್ನನ್ನೂ ಕಿತ್ತು, ದಿಬ್ಬಗಳನ್ನೆಲ್ಲ ಸಮ ಮಾಡಿ ಹೋಯಿತು. ಆಳದಲ್ಲಿ ಒಂದು ತುಂಡು ಬೇರು ಉಳಿಯಿತು. ಉಳಿದ ನಾನು ಅಷ್ಟೇ.

ಆ ವಾರವೇ ನೀಲಗಂಗವ್ವನನ್ನು ಹೊತ್ತು ತಂದರು. ಮಣ್ಣಿನೊಳಗಿಂದ ಎಲ್ಲ ಕೇಳಿಸುತ್ತಿತ್ತು.

"ತಗ್ಗು ಎಲ್ಲಿ ತೋಡಬೇಕ್ರೀ ಕಾಕಾ?"

"ಗುಲಾಬಿ ಗಿಡದ ಬಾಜೂಕ."

"ಗಿಡ ಎಲ್ಲೈತ್ರಿ?"

ಚನಮಲ್ಲಪ್ಪನ ಹೆಜ್ಜೆ ನನ್ನ ಮೇಲೆಯೇ ಹಾದುಹೋಯಿತು. ಬೇವಿನ ಮರದ ತನಕ ಹೋದ, ತಿರುಗಿ ಬಂದ, ಮತ್ತೆ ಹೋದ. ಒಂದೇ ಒಂದು ಹೂವಿದ್ದರೂ ವಾಸನೆಯಿಂದ ಹೇಳುತ್ತಿದ್ದೆ. "ಹೊತ್ತಾಗ್ತದಪ್ಪ, ಒಂದು ಜಾಗ ತೋರ್ಸಿಬಿಡು" ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು. ಅವನು ತೋರಿಸಿದ. ಗುದ್ದಲಿಯ ಸದ್ದು ಕೇಳಿದ್ದು ದೂರದಿಂದ, ದೊಡ್ಡವರೊಬ್ಬರ ಕಲ್ಲುಗೋರಿಯ ಆಚೆಯಿಂದ.

ಮಳೆ ಬಿದ್ದ ಮೇಲೆ ನಾನು ಒಂದು ಕುಡಿ ಒಡೆದೆ. ಹೆಂಡತಿಯ ದಿಬ್ಬ ನೋಡಲು ಬಂದಿದ್ದ ಚನಮಲ್ಲಪ್ಪ ಅದನ್ನು ಕಂಡ. ರೂಢಿಯಂತೆ ಕೈ ಜೇಬಿನ ಕತ್ತರಿಗೆ ಹೋಯಿತು. ಅಲ್ಲೇ ನಿಂತಿತು. ಎಲೆಯನ್ನು ತಿರುಗಿಸಿ ನೋಡಿದ. ಅಲ್ಲಿಂದ ಕಲ್ಲುಗೋರಿಯ ಆಚೆ ಹೆಂಡತಿಯಿದ್ದ ಕಡೆ ನೋಡಿದ.

"ಇದು ಕಾಡು ಅಲ್ಲ. ಇದs ಗಿಡ. ಇದನ್ನs ಕಡದ್ನೆಲ್ಲವ್ವಾ ನಾ" ಎಂದು ಹಣೆ ಬಡಿದುಕೊಂಡು ಅತ್ತ.

ಮಣ್ಣಾದವರನ್ನು ಮತ್ತೆ ತೆಗೆಯುವ ಪದ್ಧತಿ ಅವರಲ್ಲಿಲ್ಲ. ಅಂದಿನಿಂದ ಅವನು ನೀರನ್ನು ನನ್ನ ಬುಡಕ್ಕೆ ಹಾಕಲಿಲ್ಲ. ನನ್ನಿಂದ ಗೇಣು ದೂರದಲ್ಲಿ, ನೀಲಗಂಗವ್ವನ ದಿಕ್ಕಿಗೆ ಹಾಕಿದ. ಬೇರು ಒದ್ದೆಯನ್ನು ಹುಡುಕಿಕೊಂಡು ಹೋಗುತ್ತದೆಂದು ಮಾಲಿಗೆ ಗೊತ್ತು. ಅಲ್ಲೊಂದು ಕುಡಿ ಎದ್ದರೆ ಮುಂದಿನ ಗೇಣಿಗೆ ಹಾಕುತ್ತಿದ್ದ. ಹೀಗೆ ಅವನು ನನ್ನನ್ನು ವರ್ಷಗಳ ಕಾಲ ನಡೆಸಿದ. ಕಲ್ಲುಗೋರಿಯ ಅಡಿಯಿಂದ ತೂರಿ ದಾಟುವಷ್ಟರಲ್ಲಿ ಇಬ್ಬರಿಗೂ ಮುಪ್ಪು ಬಂದಿತ್ತು.

ಈ ಬೇಸಿಗೆ ಅವನು ಬಂದಿಲ್ಲ. ಅವನಿಗೆ ಏನಾಯಿತೆಂದು ನನಗೆ ಹೇಳುವವರಿಲ್ಲ. ಅವನನ್ನು ಇಲ್ಲಿಗೂ ತಂದಿಲ್ಲ. ಅವನು ಕೊನೆಯದಾಗಿ ನೀರು ಹಾಕಿದ ನೆಲ ಎಂದೋ ಬಿರಿದಿದೆ, ನನ್ನ ಬೇರಿನ ತುದಿ ಅಲ್ಲೇ ನಿಂತಿದೆ. ಹಿಂದೆ ದಾನಮ್ಮ ಇದ್ದಾಳೆ. ನೀಲಗಂಗವ್ವ ಇನ್ನೂ ಒಂದು ಮಾರು ಆಚೆಗೆ ಇದ್ದಾಳೆ.