ಅರಾಸೆಲಿಯ ಮೂರು ಪ್ರಶ್ನೆಗಳು

ನಮ್ಮ ಕಾಲೇಜು ಸಾಮಾನ್ಯ ಅರ್ಜಿಯ ಕೂಟಕ್ಕೆ ಸೇರಬಾರದು ಎಂದು ಸಭೆಯಲ್ಲಿ ಕೈ ಎತ್ತಿದವಳು ನಾನೊಬ್ಬಳೇ.

ವೆಕ್ಸ್‌ಬ್ರೂಕ್ ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಸಣ್ಣ ಕಾಲೇಜು. ಅರ್ಜಿ ಹಾಕಿದ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಇಲ್ಲಿ ಜಾಗ. ಆ ಒಬ್ಬರನ್ನು ಆರಿಸುವ ಕಚೇರಿಯಲ್ಲಿ ಕುಳಿತು ನಾನು ಇಪ್ಪತ್ತಾರು ವರ್ಷ ಅರ್ಜಿಗಳನ್ನು ಓದಿದ್ದೆ. ನಮಗೆ ನಮ್ಮದೇ ಆದ ನಮೂನೆ ಇತ್ತು. ಅದರಲ್ಲಿದ್ದ ಪ್ರಬಂಧದ ಪ್ರಶ್ನೆ ನಾನೇ ಬರೆದದ್ದು: ‘ನಾವು ನಿಮ್ಮ ಊರಿಗೆ ಬಂದರೆ, ಒಂದು ಗಂಟೆಯಲ್ಲಿ ಏನೇನು ತೋರಿಸುತ್ತೀರಿ?’ ಅದಕ್ಕೆ ಉತ್ತರ ಬರೆಯಲು ಕುಳಿತವರು ನಮಗಾಗಿಯೇ ಕುಳಿತಿದ್ದಾರೆ ಎಂಬುದು ನನ್ನ ಹೆಮ್ಮೆ. ಈಗ ಈ ಸಾಮಾನ್ಯ ಅರ್ಜಿಯಲ್ಲಿ ಎಲ್ಲರಿಗೂ ಒಂದೇ ನಮೂನೆ, ಒಂದೇ ಪ್ರಬಂಧ, ಅದನ್ನೇ ಹತ್ತಾರು ಕಾಲೇಜುಗಳಿಗೆ ಕಳುಹಿಸಬಹುದು ಎಂದರೆ ನನಗೆ ಹೇಗೆ ಹಿಡಿಸೀತು?

“ಇದು ಬೀದಿಯಲ್ಲಿ ಕರಪತ್ರ ಹಂಚಿದ ಹಾಗಾಯ್ತು” ಎಂದೆ ಸಭೆಯಲ್ಲಿ. “ಕೈಗೆ ಸಿಕ್ಕಿದೋರಿಗೆಲ್ಲ ಒಂದೊಂದು.”

ನನ್ನ ಮೇಲಿನ ಅಧಿಕಾರಿ ಗ್ರೇಹಮ್ ಆಸ್ಟ್ರಾಂಡರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕೋಪ ಮಾಡಿಕೊಳ್ಳುವವನಲ್ಲ. “ಲೊರೆಟ್ಟಾ, ನಮ್ಮ ನಮೂನೆ ಯಾರ ಕೈ ಸೇರುತ್ತೆ ಹೇಳಿ? ನಮ್ಮ ಹೆಸರು ಮೊದಲೇ ಗೊತ್ತಿರೋರ ಕೈ. ಗೊತ್ತಿಲ್ಲದೋರು ಏನು ಪಾಪ ಮಾಡಿದ್ರು?” ಎಂದ.

“ಗೊತ್ತಿಲ್ಲದೋರು ಬಂದು ಏನ್ ಮಾಡ್ತಾರೆ?” ಎಂದೆ. ಎಲ್ಲರೂ ನಕ್ಕರು. ಆದರೆ ಮತ ಮಾತ್ರ ಅವನ ಕಡೆಗೇ ಬಿತ್ತು. ನನ್ನ ಪ್ರಶ್ನೆ ಹೋಯಿತು. ಅದರ ಬದಲು, ಸಾಮಾನ್ಯ ಅರ್ಜಿಯ ಜೊತೆಗೆ ನಮ್ಮದೆಂದು ಸಣ್ಣದೊಂದು ಪ್ರಶ್ನೆ ಉಳಿಯಿತು: ‘ವೆಕ್ಸ್‌ಬ್ರೂಕೇ ಏಕೆ? ಇನ್ನೂರು ಪದಗಳಲ್ಲಿ ಬರೆಯಿರಿ.’

ಆ ಚಳಿಗಾಲ ಅರ್ಜಿಗಳು ಹೆಚ್ಚುಕಡಿಮೆ ಇಮ್ಮಡಿಯಾದವು. ಕಡತಗಳನ್ನು ಕಿಟಕಿಕಟ್ಟೆಯ ಮೇಲೆ ಪೇರಿಸಿದ್ದರಿಂದ ಹೊರಗಿನ ಹಿಮವೇ ಕಾಣುತ್ತಿರಲಿಲ್ಲ. ‘ವೆಕ್ಸ್‌ಬ್ರೂಕೇ ಏಕೆ’ ಎಂಬುದಕ್ಕೆ ಬಂದ ಉತ್ತರಗಳೆಲ್ಲ ನಮ್ಮ ಕೈಪಿಡಿಯಿಂದಲೇ ಎತ್ತಿಕೊಂಡವು. ನಾವು ಬರೆದ ಹೊಗಳಿಕೆಯನ್ನು ನಮಗೇ ಓದಿ ಹೇಳುತ್ತಿದ್ದರು. ಕೆಲವರಂತೂ ಬೇರೆ ಕಾಲೇಜಿನ ಹೆಸರನ್ನು ಅಳಿಸುವುದನ್ನೂ ಮರೆತಿದ್ದರು. ಅಂಥವು ಸಿಕ್ಕಿದಾಗಲೆಲ್ಲ ಗ್ರೇಹಮ್‌ನ ಮೇಜಿನ ಮೇಲೆ ಇಟ್ಟು ಬರುವುದು ನನಗೊಂದು ಸುಖ.

ಫೆಬ್ರವರಿಯ ಎರಡನೆಯ ವಾರ ಅರಾಸೆಲಿ ಸಮರ್ರೀಪಾಳ ಕಡತ ಕೈಗೆ ಬಂತು. ಟೆಕ್ಸಸ್‌ನ ಈಗಲ್ ಪಾಸ್ ಊರಿನವಳು. ನದಿ ದಾಟಿದರೆ ಮೆಕ್ಸಿಕೋ. ಆ ಊರಿನಿಂದ ನಮಗೆ ಅಲ್ಲಿಯವರೆಗೆ ಒಂದೂ ಅರ್ಜಿ ಬಂದಿರಲಿಲ್ಲ. ಗಣಿತದಲ್ಲಿ ಶಾಲೆಗೇ ಮೊದಲಿಗಳು. ಸಾಮಾನ್ಯ ಪ್ರಬಂಧದಲ್ಲಿ ಅವಳು ತನ್ನ ಸೋದರಮಾವನ ಟೈರ್ ಅಂಗಡಿಯ ಬಗ್ಗೆ ಬರೆದಿದ್ದಳು. ಗಾಳಿ ಎಲ್ಲಿಂದ ಸೋರುತ್ತಿದೆ ಎಂದು ಗಿರಾಕಿ ಹೇಳಿದ್ದನ್ನು ನಂಬದೆ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ನೋಡುವುದು, ಹುಡುಗಿ ಪಂಕ್ಚರ್ ಹಾಕುತ್ತಾಳೆಂದು ಮೂಗು ಮುರಿಯುವ ಲಾರಿಯವರಿಗೆ ಏನು ಉತ್ತರ ಕೊಡಬೇಕು, ಇಷ್ಟೇ. ಅಳು ಇಲ್ಲ, ಉಪದೇಶ ಇಲ್ಲ. ಚೆನ್ನಾಗಿತ್ತು.

ಪುಟ ತಿರುಗಿಸಿದೆ. ‘ವೆಕ್ಸ್‌ಬ್ರೂಕೇ ಏಕೆ’ ಎಂಬಲ್ಲಿ ಹೀಗಿತ್ತು:

‘ಸುಳ್ಳು ಹೇಳುವುದಿಲ್ಲ. ಸಾಮಾನ್ಯ ಅರ್ಜಿಯ ಪಟ್ಟಿಯಲ್ಲಿ ನೋಡುವ ತನಕ ನಿಮ್ಮ ಹೆಸರನ್ನೇ ನಾನು ಕೇಳಿರಲಿಲ್ಲ. ಐದು ಕಾಲೇಜುಗಳಿಗೆ ಅರ್ಜಿ ತುಂಬಿದ್ದೆ, ಶುಲ್ಕ ಮಾಫಿ ಇತ್ತು, ಇನ್ನೊಂದಕ್ಕೆ ಗುರುತು ಹಾಕಿದೆ. ನಿಮ್ಮ ಚಿತ್ರಗಳಲ್ಲಿ ಎಲ್ಲರೂ ಮರದ ಕೆಳಗೆ ಕುಳಿತು ನಗುತ್ತಿದ್ದಾರೆ. ಯಾಕೆ ನಗುತ್ತಿದ್ದಾರೆ ಎಂದು ಎಲ್ಲೂ ಬರೆದಿಲ್ಲ. ನಿಮ್ಮ ಕಾಲೇಜೇ ಏಕೆ ಎಂದು ಹೇಳಬೇಕಾದರೆ ನನಗೆ ಮೂರು ವಿಷಯ ಗೊತ್ತಾಗಬೇಕು. ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಲು ಆಗದವರು ಎಲ್ಲಿ ಮಲಗುತ್ತಾರೆ? ಮೊದಲ ವರ್ಷವೇ ಬಿಟ್ಟು ಹೋಗುವವರು ಯಾಕೆ ಬಿಡುತ್ತಾರೆ? ಗಣಿತದ ಮೇಷ್ಟ್ರ ಬಾಗಿಲು ತಟ್ಟಿದರೆ ತೆಗೆಯುತ್ತಾರೆಯೇ? ಉತ್ತರ ಕಳಿಸಿದರೆ ನಿಮ್ಮ ಇನ್ನೂರು ಪದ ಬರೆದು ಕಳಿಸುತ್ತೇನೆ.’

ಮೊದಲು ನನಗೆ ಬಂದದ್ದು ಗೆಲುವಿನ ನಗು. ನೇರ ಗ್ರೇಹಮ್‌ನ ಕೋಣೆಗೆ ಹೋಗಿ ಓದಿ ಹೇಳಿದೆ. “ನೋಡಪ್ಪಾ, ನಿನ್ನ ಸಾಮಾನ್ಯ ಅರ್ಜಿಯ ಫಲ. ನಮ್ಮ ಹೆಸರೇ ಕೇಳಿಲ್ವಂತೆ!”

ಅವನು ಹಾಳೆಯನ್ನು ಕೈಗೆ ತೆಗೆದುಕೊಂಡು ಆ ಮೂರು ಪ್ರಶ್ನೆಗಳನ್ನು ತಾನೇ ಇನ್ನೊಮ್ಮೆ ಓದಿದ. “ಸರಿ. ಎಲ್ಲಿ ಮಲಗ್ತಾರೆ?” ಎಂದ.

“ಯಾರು?”

“ರಜೆಗೆ ಊರಿಗೆ ಹೋಗದೋರು. ನಂಗೂ ಗೊತ್ತಿಲ್ಲ. ನೀವು ಇಪ್ಪತ್ತಾರು ವರ್ಷದಿಂದ ಇದ್ದೀರಲ್ಲ, ಹೇಳಿ.”

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಅವನ ಮುಂದೆ ಹೇಳಲಾಗದೆ ಹೊರಬಂದೆ. ಮಧ್ಯಾಹ್ನ ಕೋಟು ಹಾಕಿಕೊಂಡು ಕೇಳುತ್ತಾ ಹೊರಟೆ.

ವಿದ್ಯಾರ್ಥಿನಿಲಯಗಳಿಗೆ ರಜೆಯಲ್ಲಿ ಬೀಗ ಹಾಕುತ್ತಾರೆ ಎಂದು ಅಲ್ಲಿನ ಮೇಲ್ವಿಚಾರಕ ಹೇಳಿದ. ಹಾಗಾದರೆ ಉಳಿದವರು? “ಅದು ನಮ್ಮ ಲೆಕ್ಕಕ್ಕೆ ಬರಲ್ಲ” ಎಂದ ಅವನು. ಊಟದ ಕೋಣೆಯಲ್ಲಿ ಮಿರ್ಲಾಂಡ್ ಸಿಕ್ಕಿದಳು. ಹೈಟಿಯಿಂದ ಬಂದು ಎರಡನೆಯ ವರ್ಷ ಓದುತ್ತಿದ್ದವಳು. “ನಾನಾ? ಅಡುಗೆ ಮಾಡೋ ಡಾಟ್ ಆಂಟಿ ಮನೇಲಿ, ಸೋಫಾ ಮೇಲೆ. ಮೂರು ವಾರ. ಹೋದ ವರ್ಷ ಇನ್ನಿಬ್ರು ಇದ್ರು, ಅವ್ರು ನೆಲದ ಮೇಲೆ. ಯಾಕೆ ಮಿಸ್ ಹ್ಯಾಸ್ಕೆಲ್, ಏನಾದ್ರೂ ತಪ್ಪಾಯ್ತಾ?” ಎಂದು ಹೆದರಿ ಕೇಳಿದಳು. ಅವಳ ಅರ್ಜಿಯನ್ನು ಓದಿ ಆರಿಸಿದವಳು ನಾನೇ. ಅವಳು ಬಂದ ಮೇಲೆ ಎಲ್ಲಿ ಮಲಗುತ್ತಾಳೆ ಎಂದು ಒಮ್ಮೆಯೂ ಕೇಳಿರಲಿಲ್ಲ. “ನಿನ್ನದೇನೂ ತಪ್ಪಿಲ್ಲ” ಎಂದಷ್ಟೇ ಹೇಳಿದೆ.

ಗಣಿತ ವಿಭಾಗಕ್ಕೆ ಹೋಗಿ ಆರು ಬಾಗಿಲು ತಟ್ಟಿದೆ. ನಾಲ್ಕು ತೆರೆದವು. ಮೊದಲ ವರ್ಷವೇ ಬಿಟ್ಟವರ ಕಡತಗಳನ್ನು ತೆಗೆಸಿ ನೋಡಿದೆ. ಹೆಚ್ಚಿನವರು ಅಂಕ ಬರದೆ ಬಿಟ್ಟವರಲ್ಲ, ಮಾತಾಡಿಸುವವರಿಲ್ಲದೆ ಬಿಟ್ಟವರು.

ಎರಡು ದಿನ ಬಿಟ್ಟು ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು ಕೇಳಿಸುತ್ತಿತ್ತು.

“ವೆಕ್ಸ್‌ಬ್ರೂಕಾ?” ಎಂದಳು ಹುಡುಗಿ. “ನಿಜವಾಗ್ಲೂ ಫೋನ್ ಮಾಡ್ತೀರ ಅಂದ್ಕೊಂಡಿರ್ಲಿಲ್ಲ ಮೇಡಂ. ಮಾವಾ, ಅದನ್ನ ಒಂದ್ನಿಮಿಷ ನಿಲ್ಸು!”

ಸುತ್ತುಬಳಸದೆ ಹೇಳಿದೆ. ಬೀಗ, ಸೋಫಾ, ನಾಲ್ಕು ಬಾಗಿಲು, ಬಿಟ್ಟುಹೋದವರು, ಎಲ್ಲ.

“ಅಯ್ಯೋ, ಇಷ್ಟೊಂದು ನಿಜ ಹೇಳಿದ್ರೆ ನಿಮ್ಮ ಕೆಲಸ ಹೋಗಲ್ವಾ?”

“ಹೋಗಲ್ಲ. ನಾನು ಇಲ್ಲಿ ಹಳೇ ಕುಳ.”

ಅವಳು ನಕ್ಕಳು. “ಸರಿ. ಇದನ್ನೆಲ್ಲ ನೀವು ಸರಿ ಮಾಡ್ತೀರಾ, ಬರೀ ಹೇಳ್ತೀರಾ?”

“ಸೋಫಾದ ವಿಷಯ ನನ್ನ ಕೈಲಾಗುತ್ತೆ. ಬಾಕಿಯದು ಬಂದೋರು ಸೇರಿ ಮಾಡ್ಬೇಕು.”

“ಹಾಗಾದ್ರೆ ಅಲ್ಲಿ ಓದೋ ಯಾರ ಹತ್ರಾದ್ರೂ ಮಾತಾಡ್ಬೇಕು ಮೇಡಂ. ತಪ್ಪು ತಿಳ್ಕೋಬೇಡಿ, ನೀವು ಮಾರೋರು.”

ಮಿರ್ಲಾಂಡ್‌ಳನ್ನು ಕರೆಸಿ ಫೋನ್ ಕೈಗೆ ಕೊಟ್ಟು ನಾನು ಕೋಣೆಯಿಂದ ಆಚೆ ನಿಂತೆ. ಮುಕ್ಕಾಲು ಗಂಟೆ ಮಾತಾಡಿದರು. ಮರುದಿನ ಅರಾಸೆಲಿಯ ಇನ್ನೂರು ಪದ ಬಂತು: ಸೋರುವ ಜಾಗವನ್ನು ಮುಚ್ಚಿಡದೆ ತೋರಿಸುವ ಕಾಲೇಜಾದರೆ ಅದಕ್ಕೆ ತೇಪೆ ಹಾಕಲು ತಾನೂ ಕೈ ಜೋಡಿಸಬಹುದು ಎಂದು ಬರೆದಿದ್ದಳು.

ಆಯ್ಕೆ ಸಭೆಯಲ್ಲಿ ಪ್ರೂಯಿಟ್ ಎಂಬ ನನ್ನ ಸಹೋದ್ಯೋಗಿ ತಕರಾರು ತೆಗೆದ. “ನಮ್ಮ ಹೆಸರನ್ನ ನೆಟ್ಟಗೆ ಕೇಳೇ ಇಲ್ದೆ ಅರ್ಜಿ ಹಾಕಿದಾಳೆ. ಉದ್ಧಟತನ. ನಮಗಾಗಿ ಹಂಬಲಿಸೋ ಮಕ್ಕಳು ನೂರಾರಿದ್ದಾರೆ.”

ಒಂದು ತಿಂಗಳ ಹಿಂದೆ ಅದು ನನ್ನದೇ ಮಾತು. ಎದ್ದು ನಿಂತೆ. “ಹಂಬಲಿಸ್ತೀವಿ ಅಂತ ಬರೆದೋರಲ್ಲಿ ಅರ್ಧಕ್ಕರ್ಧ ಆರು ಕಾಲೇಜಿಗೆ ಅದನ್ನೇ ಬರೆದಿದ್ದಾರೆ. ಇವಳೊಬ್ಬಳು ಇದ್ದದ್ದು ಇದ್ದ ಹಾಗೆ ಬರೆದಳು. ನಾನು ಇಪ್ಪತ್ತಾರು ವರ್ಷದಲ್ಲಿ ನೋಡದ್ದನ್ನ ಎರಡು ಸಾವಿರ ಮೈಲಿ ಆಚೆ ಕೂತು ನೋಡಿದಳು. ಇಂಥವಳು ತರಗತೀಲಿ ಬೇಡ ಅಂದ್ರೆ ಇನ್ನೆಂಥವರು ಬೇಕು ಪ್ರೂಯಿಟ್?” ಎಂದು ಅವಳ ಇನ್ನೂರು ಪದವನ್ನು ಗಟ್ಟಿಯಾಗಿ ಓದಿದೆ. ಐವರಲ್ಲಿ ನಾಲ್ವರು ಕೈ ಎತ್ತಿದರು.

ಸಭೆ ಮುಗಿದ ಮೇಲೆ ಗ್ರೇಹಮ್‌ನನ್ನು ಪಡಸಾಲೆಯಲ್ಲಿ ನಿಲ್ಲಿಸಿದೆ. “ನಮ್ಮ ಹಳೇ ನಮೂನೆ ಇದ್ದಿದ್ರೆ ಅವಳು ಬರ್ತಿರ್ಲಿಲ್ಲ. ನೀನು ಹೇಳಿದ್ದೇ ಸರಿ. ಒಂದು ಸಲ ಹೇಳ್ತೀನಿ, ಇನ್ನೊಂದು ಸಲ ಕೇಳ್ಬೇಡ” ಎಂದೆ. ಅವನು ಕೇಳಲಿಲ್ಲ. ಬದಲಿಗೆ, ರಜೆಯಲ್ಲಿ ಒಂದು ವಿದ್ಯಾರ್ಥಿನಿಲಯವನ್ನಾದರೂ ತೆರೆದಿಡಬೇಕೆಂದು ನಾನು ಬರೆದ ಪತ್ರಕ್ಕೆ ತಾನೂ ಸಹಿ ಹಾಕಿದ. ಆಡಳಿತದವರಿಂದ ಮೂರು ಸಲ ಹಿಂದಕ್ಕೆ ಬಂದ ಪತ್ರ ನಾಲ್ಕನೆಯ ಸಲ ಒಪ್ಪಿಗೆ ಹೊತ್ತು ಬಂತು. ಆ ಡಿಸೆಂಬರಿನಿಂದ ಹದಿನೆಂಟು ಮಕ್ಕಳು ಅಲ್ಲೇ ಉಳಿಯುವಂತಾಯಿತು.

ಅದಕ್ಕೂ ಮೊದಲೇ, ಆ ಏಪ್ರಿಲ್ ಕೊನೆಗೆ, ಅರಾಸೆಲಿ ತಾನಾಗಿ ಫೋನ್ ಮಾಡಿದಳು. ಅವಳಿಗೆ ಮೂರು ಕಾಲೇಜುಗಳು ಒಪ್ಪಿಗೆ ಕೊಟ್ಟಿದ್ದವು, ಅದರಲ್ಲೊಂದು ನಮಗಿಂತ ಹೆಸರುವಾಸಿ.

“ನಿಮ್ಮಲ್ಲಿಗೇ ಬರ್ತೀನಿ ಮೇಡಂ. ಕೇಳಿದ್ದಕ್ಕೆ ಉತ್ತರ ಕೊಟ್ಟೋರು ನೀವೊಬ್ರೇ. ಆದ್ರೆ ಅಮ್ಮ ನಿಮ್ಮ ಹತ್ರ ಮಾತಾಡ್ಬೇಕಂತೆ.”

ಫೋನ್ ಕೈ ಬದಲಾಯಿತು. ಹೆಂಗಸಿನ ದನಿ ನಿಧಾನವಾಗಿ, ಪದಗಳನ್ನು ಹುಡುಕಿ ಹುಡುಕಿ ಬಂತು.

“ನನ್ನ ಮಗಳು ಜಗಳಗಂಟಿ, ಸೆನ್ಯೋರಾ. ಅದು ನಿಮಗೆ ಗೊತ್ತಾ?”

“ಚೆನ್ನಾಗಿ ಗೊತ್ತಮ್ಮಾ.”

“ಗೊತ್ತಿದ್ದೂ ಕರೀತಿದ್ದೀರಾ?”

“ಅದಕ್ಕೇ ಕರೀತಿದ್ದೀವಿ.”

ಆಕೆ ಸ್ಪ್ಯಾನಿಷಿನಲ್ಲಿ ಮಗಳಿಗೆ ಏನೋ ಹೇಳಿದಳು. ಇಬ್ಬರೂ ಜೋರಾಗಿ ನಕ್ಕರು. ಆಮೇಲೆ, ಅಲ್ಲಿಯ ಚಳಿಗೆ ಎಂಥ ಬೂಟು ತೆಗೆದುಕೊಳ್ಳಬೇಕು ಎಂದು ಆಕೆ ವಿಚಾರಿಸತೊಡಗಿದಳು. ನಾನು ಕಾಗದ ಎಳೆದುಕೊಂಡು ಪಟ್ಟಿ ಬರೆಯಲು ಕುಳಿತೆ.