ಎಲ್ಲಿಂದ ಮಾತಾಡ್ತಿದೀರಿ

ಮನೆಗೆ ಯಾರೇ ಫೋನ್ ಮಾಡಲಿ, ಅತ್ತೆ ಮೊದಲು ಕೇಳುವುದು ಒಂದೇ: "ಯಾರು? ಎಲ್ಲಿಂದ ಮಾತಾಡ್ತಿದೀರಿ?" ಪರದೆಯ ಮೇಲೆ ಹೆಸರು ದಪ್ಪಕ್ಷರದಲ್ಲಿ ಮೂಡಿದ್ದರೂ ಅಷ್ಟೇ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಲೈನ್ ಜೋಡಿಸಿದ ಜೀವ, ಆ ಗುಣ ಸುಟ್ಟರೂ ಹೋಗುವಂಥದ್ದಲ್ಲ. "ಅತ್ತೆ, ನಾನೇ, ಇನ್ಯಾರು!" ಎಂದು ಕೆಲಸದಿಂದ ಫೋನ್ ಮಾಡುವ ಸೊಸೆ ದಿನಾ ಸಿಡುಕುತ್ತಿದ್ದಳು.

ಆ ಬೆಳಿಗ್ಗೆ ಅವಳಿಗೆ ಸಿಡುಕಲೂ ಪುರುಸೊತ್ತಿರಲಿಲ್ಲ. ಆಸ್ಪತ್ರೆಯ ಲ್ಯಾಬಿಗಾಗಿ, ಸೂಕ್ಷ್ಮದರ್ಶಕದ ಚಿತ್ರ ನೋಡಿ ರಕ್ತಕಣ ಎಣಿಸುವ ಪ್ರೋಗ್ರಾಮ್ ಒಂದನ್ನು ನಾಲ್ಕು ತಿಂಗಳು ಕೂತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದಳು. ಹನ್ನೊಂದಕ್ಕೆ ದೊಡ್ಡ ಡಾಕ್ಟರಿಗೆ ತೋರಿಸಬೇಕು. "ಇವತ್ತು ಓಡಿದರೆ ಸರಿ, ಇಲ್ಲದಿದ್ದರೆ ಮೊದಲಿನಂತೆ ಕಣ್ಣಲ್ಲೇ ಎಣಿಸಿ" ಎಂದುಬಿಟ್ಟಿದ್ದರು ಅವರು. ನಿನ್ನೆ ಬಂದ ಹೊಸ ಲ್ಯಾಪ್‌ಟಾಪಿನಲ್ಲಿ ನೋಡಿದರೆ, ಚಿತ್ರ ಓದಲು ಬೇಕಾದ ಸಿದ್ಧ ಕೋಡಿನ ಕಟ್ಟು, ಆ ಪ್ಯಾಕೇಜ್, ಇಲ್ಲ ಎಂದು ಪ್ರೋಗ್ರಾಮ್ ಹಟ ಹಿಡಿದಿತ್ತು. ಹಾಕಲು ಹೋದರೆ 'ಆಗಲೇ ಇದೆ' ಎಂಬ ಉತ್ತರ. ಅದೇ ಕಮಾಂಡನ್ನು ಎಂಟು ಸಲ ಕುಟ್ಟಿ, ತೆಗೆದು, ಮತ್ತೆ ಹಾಕಿ, ಸೊಸೆ ಊಟದ ಮೇಜಿನ ಮೇಲೆ ತಲೆ ಇಟ್ಟಳು.

ಅತ್ತೆ ಕನ್ನಡಕ ಏರಿಸಿ, ಎಕ್ಸ್‌ಚೇಂಜ್ ಕಾಲದಿಂದ ಕರೆಗಳನ್ನೆಲ್ಲ ಬರೆದಿಡುವ ಹಳೇ ನೋಟ್‌ಬುಕ್ ಹಿಡಿದು ಎದುರು ಕೂತರು.

"ಅದು ಏನಂತು, ಓದು. ನಿನ್ನ ಮಾತು ಸೇರಿಸ್ಬೇಡ."

"ನಿಮಗೆ ಇದು ಅರ್ಥ ಆಗಲ್ಲ ಅತ್ತೆ."

"ನನಗ್ಯಾಕೆ ಅರ್ಥ ಆಗ್ಬೇಕು? ಓದಮ್ಮ."

ಓದಿದಳು. ಅತ್ತೆ ಎಡಕ್ಕೆ 'ಇದೆ', ಬಲಕ್ಕೆ 'ಇಲ್ಲ' ಎಂದು ಬರೆದು ಪೆನ್ಸಿಲಿನಿಂದ ಎರಡನ್ನೂ ತಟ್ಟಿದರು.

"ಇದೆ ಅಂದೋರು ಯಾರು, ಇಲ್ಲ ಅಂದೋರು ಯಾರು? ಇಬ್ರೂ ಒಂದೇ ಮನೆಯವ್ರಾ?"

"ಎರಡೂ ಪೈಥಾನೇ."

"ನಮ್ಮ ಎಕ್ಸ್‌ಚೇಂಜ್ ಲೈನಲ್ಲಿ ಒಂದೇ ಹೆಸರಿನ ಎರಡು ಅಂಗಡಿ ಇದ್ವು. ಸಾಮಾನು ಒಬ್ಬನ ಹತ್ರ ಬಂದಿರೋದು, ಗಿರಾಕಿ ಇನ್ನೊಬ್ಬನ ಹತ್ರ ಜಗಳ ಆಡೋನು. ಎಲ್ಲಿಂದ ಮಾತಾಡ್ತಿದೀರಿ ಅಂತ ಕೇಳದೆ ನಾನು ಲೈನ್ ಕೊಡ್ತಾನೇ ಇರ್ಲಿಲ್ಲ. ನೀನೂ ಕೇಳು."

ಸೊಸೆ ನೆಟ್ಟಗೆ ಕೂತಳು. ಪ್ಯಾಕೇಜ್ ಹಾಕುತ್ತಿರುವ ಪೈಥಾನ್ ಎಲ್ಲಿಯದು ಎಂದು ಲ್ಯಾಪ್‌ಟಾಪನ್ನೇ ಕೇಳಿದಳು, ಪ್ರೋಗ್ರಾಮ್ ಓಡಿಸುತ್ತಿರುವುದು ಎಲ್ಲಿಯದು ಎಂದು ಕೇಳಿದಳು. ಎರಡು ಬೇರೆ ಬೇರೆ ಫೋಲ್ಡರ್! ಯಾವುದೋ ಸಾಫ್ಟ್‌ವೇರ್ ತನ್ನ ಜೊತೆ ಇನ್ನೊಂದು ಪೈಥಾನನ್ನು ತಂದು ಕೂರಿಸಿತ್ತು. ಪ್ಯಾಕೇಜ್ ಹೋಗಿ ಕೂತದ್ದು ಒಂದರಲ್ಲಿ, ಪ್ರೋಗ್ರಾಮ್ ಹುಡುಕುತ್ತಿದ್ದುದು ಇನ್ನೊಂದರಲ್ಲಿ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದಳು ಅವಳು.

ಪ್ರೋಗ್ರಾಮಿಗೆಂದೇ ಪ್ರತ್ಯೇಕ ಎನ್ವಿರಾನ್‌ಮೆಂಟ್, ಅಂದರೆ ಅದರದ್ದೇ ಒಂದು ಮನೆ, ಮಾಡಿ, ಅಲ್ಲಿಯ ಪೈಥಾನಿನಿಂದಲೇ ಪ್ಯಾಕೇಜ್ ಹಾಕಿ, ಅದರಿಂದಲೇ ಓಡಿಸಿದಳು. ಪರದೆಯಲ್ಲಿ ಕಣಗಳ ಸುತ್ತ ಹಸಿರು ಉಂಗುರಗಳು ಒಂದೊಂದಾಗಿ ಮೂಡಿದವು. ಎಂಥ ಹೆಂಗಸಪ್ಪ ಇವರು! ಪೈಥಾನಿನ ಒಂದಕ್ಷರ ಗೊತ್ತಿಲ್ಲ, ಕೇಳುವುದು ಮಾತ್ರ ಗೊತ್ತು. ಇಷ್ಟು ದಿನ ತಾನು ಗೊಣಗಿದ್ದು ಈ ವಿದ್ಯೆಯ ಮೇಲೆಯೇ ಎಂದು ಸೊಸೆಗೆ ನಾಚಿಕೆಯಾಯಿತು. ಅತ್ತೆ ಆಗಲೇ ಬರೆಯುತ್ತಿದ್ದರು: 'ಹತ್ತು ಗಂಟೆ ಐದು ನಿಮಿಷ. ಲೈನ್ ಸಿಕ್ಕಿತು.'

ಮಧ್ಯಾಹ್ನ ಮನೆಯ ಫೋನ್ ಬಡಿದುಕೊಂಡಿತು.

"ಯಾರು? ಎಲ್ಲಿಂದ ಮಾತಾಡ್ತಿದೀರಿ?"

ಈ ಸಲ ಸೊಸೆ ಸಿಡುಕಲಿಲ್ಲ. "ನಿಮ್ಮ ಸೊಸೆ, ಅತ್ತೆ. ಆಸ್ಪತ್ರೆ ಲ್ಯಾಬಿಂದ ಮಾತಾಡ್ತಿದೀನಿ. ದೊಡ್ಡ ಡಾಕ್ಟರು ಒಪ್ಪಿದ್ರು."

ಅತ್ತೆಯ ಕಡೆಯಿಂದ ಪೆನ್ಸಿಲ್ ಓಡುವ ಸದ್ದು ಕೇಳಿಸಿತು.

"ಬರ್ಕೊಂಡೆ" ಎಂದರು ಅತ್ತೆ.