ಮೂರು ಸೆಲ್ಲಿನ ಟಾರ್ಚು

ನಾನು ಒಂದು ಟಾರ್ಚು. ಮೂರು ದಪ್ಪ ಸೆಲ್ಲು ನುಂಗುವ ತಗಡಿನ ಹೊಟ್ಟೆ, ಗಾಜಿನ ಒಂಟಿ ಕಣ್ಣು. ಕಾರ್ಖಾನೆಯ ಹೆಂಗಸೊಬ್ಬಳು ನನ್ನ ಗುಂಡಿ ಒತ್ತಿ ನೋಡಿ, "ಪಾಸು" ಎಂದು ಪಕ್ಕಕ್ಕಿಟ್ಟಳು. ಜೀವಮಾನದಲ್ಲಿ ನಾನು ಪಾಸಾದ ಪರೀಕ್ಷೆ ಅದೊಂದೇ.

ನನ್ನನ್ನು ಕೊಂಡವನು ಶಿಡ್ಲಘಟ್ಟದ ಕಡೆಯ ಪಿಳ್ಳಪ್ಪ, ರೇಷ್ಮೆಹುಳು ಸಾಕುವವನು. ಇರುವೆ ಬಂತೇ, ಇಲಿ ಬಂತೇ ಎಂದು ರಾತ್ರಿಯೆಲ್ಲ ಹುಳುಗಳ ತಟ್ಟೆಗೆ ನನ್ನನ್ನು ಹಿಡಿಯುತ್ತಿದ್ದ. ಹುಳುಗಳಿಗೆ "ಮಲಕ್ಕಳಿ ಕಂದಾ" ಎಂಬ ಮುದ್ದು. ನಾನು ಚೂರು ಮಂಕಾದರೆ ನೆತ್ತಿಗೆ ಮೊಟಕು. ಜನರಿಗೆ ನಾನು ಟಾರ್ಚು, ನನಗೆ ಜನರು ಟಾರ್ಚರು.

ಅಪ್ಪನ ತಟ್ಟೆಯ ಹುಳು ಹೇಗೋ ಮಗಳು ಅಂಬುಜಾಳ ತಲೆಗೆ ಹೊಕ್ಕಿತು. ಚಿಂತಾಮಣಿಯ ಕಾಲೇಜಿನಲ್ಲಿ ಲ್ಯಾಬ್ ಸಹಾಯಕಿ ಅವಳು. ಗೆಳತಿಯರ ಜೊತೆ ಹುಣ್ಣಿಮೆಯ ರಾತ್ರಿ ಗಿಡುಗನ ಬೆಟ್ಟ ಹತ್ತಬೇಕಂತೆ. ಹೀಗೆ ನಾನು ಅವಳ ಚೀಲ ಸೇರಿದೆ.

ಬೆಟ್ಟದ ಬುಡದಲ್ಲಿ ಕದಿರಪ್ಪನವರು ನಿಂತಿದ್ದರು. ನಿವೃತ್ತ ಫಾರೆಸ್ಟ್ ಗಾರ್ಡು. ಕತ್ತಲಲ್ಲಿ ಬೆಟ್ಟ ಹತ್ತುವವರಿಗೆ ಅವರೇ ದಾರಿ, ಅವರೇ ಧೈರ್ಯ. ಐದು ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ, ಶಾಲೆಯ ಹಾಜರಿಯ ರಾಗದಲ್ಲಿ ಕೇಳಿದರು.

"ನೀರು?"

"ಐತಣ್ಣ!"

"ಸೀಟಿ?"

"ಐತಣ್ಣ!"

"ಎಷ್ಟೊತ್ಗೆ ವಾಪಸ್ ಅಂತ ಮನೇಲಿ ಹೇಳಿದೀರಾ?"

"ಹೇಳಿದೀವಣ್ಣ!"

"ಸೆಲ್ಲು?"

"ಐತಣ್ಣ, ಹೊಸದು!" ಎಂದಳು ಅಂಬುಜಾ.

ಅವರು ಕೇಳಿದ್ದು ನನ್ನ ಹೊಟ್ಟೆಗೆ ಬದಲಿ ಸೆಲ್ಲು. ಅವಳು ಹೇಳಿದ್ದು ಹದಿನೈದು ದಿನದ ಹಿಂದೆ ಕೊಂಡ ಸೆಲ್‌ಫೋನು. ಕದಿರಪ್ಪನವರು ಸಂಶಯಕ್ಕೆಂದು ನನ್ನನ್ನೂ ಒತ್ತಿ ನೋಡಿದರು. ನಾನೋ ಸಂಬಳದ ದಿನದ ಗುಮಾಸ್ತನಂತೆ ಹಲ್ಲುಬಿಟ್ಟೆ. ಒಳಗಿದ್ದ ಸೆಲ್ಲುಗಳು ಎಷ್ಟು ಹಳೆಯವೆಂದು ನನಗೆ ಗೊತ್ತಿತ್ತು. ಬಾಯಿ ಇರಲಿಲ್ಲ.

ಹತ್ತಿದ್ದು ಹಬ್ಬದಂತೆ. ತುದಿಯಲ್ಲಿ ಹಾಡು, ವಿಡಿಯೋ, ನಗು; ಆ ಹೊಸ ಫೋನಿನ ಜೀವ ಹಿಂಡಿದರು. ಇಳಿಯುವಾಗ ಚಂದ್ರನಿಗೆ ಮೋಡ ಮುಸುಕಿತು. ಬಂಡೆಯಲ್ಲಿ ಕೊರೆದ ಕಾಲಷ್ಟೇ ಅಗಲದ ಮೆಟ್ಟಿಲ ಬಳಿ ನಾನು ಅರಿಸಿನದ ನೀರಿನ ಬಣ್ಣಕ್ಕಿಳಿದೆ.

"ಸೆಲ್ ಹಾಕಮ್ಮ."

ಅಂಬುಜಾ ಫೋನು ತೆಗೆದಳು. ಅದೂ ಕಣ್ಣು ಮುಚ್ಚಿತ್ತು.

"ಅಯ್ಯೋ, ಇದಲ್ಲ ಕಣಮ್ಮ ನಾನು ಕೇಳಿದ್ದು!"

ಗೆಳತಿಯರು ನಕ್ಕರು. ಕದಿರಪ್ಪನವರು ನಗಲಿಲ್ಲ. ಎಲ್ಲರ ಬಳಿ ಇದ್ದದ್ದು ಕಿರುಬೆರಳಿನಷ್ಟು ಸಣ್ಣ ಸೆಲ್ಲು; ನನ್ನ ಹೊಟ್ಟೆಗೆ ಅವು ಸಾಲವು. ಕದಿರಪ್ಪನವರು ತಮ್ಮ ಟಾರ್ಚನ್ನು ಅಂಬುಜಾಳ ಕೈಗಿಟ್ಟು ನನ್ನನ್ನು ತೆಗೆದುಕೊಂಡರು.

"ನೀವಣ್ಣ?"

"ಮೂವತ್ತು ವರ್ಷ ತುಳಿದಿರೋ ಬೆಟ್ಟ. ನನ್ ಕಾಲಿಗೇ ಕಣ್ಣವೆ. ಮುಂದೆ ನೋಡ್ಕೊಂಡು ಇಳೀರಿ, ಹಿಂದೆ ತಿರುಗಬೇಡಿ."

ಐದು ಬೆಳಕುಗಳು ಒಂದರ ಹಿಂದೊಂದು ಇಳಿದವು. ಅವರು ಕೊನೆಯಲ್ಲಿ. ಏಳೆಂಟು ಮೆಟ್ಟಿಲ ಮಟ್ಟಿಗೆ ನಾನು ಹೇಗೋ ಮಿಣುಕಿದೆ. ಆಮೇಲೆ ಆರಿದೆ. ಮುಂದಿನ ಮೆಟ್ಟಿಲ ಅಂಚು ಮುರಿದಿತ್ತು.

ಬಂಡೆಗಳ ನಡುವಿನ ಸಂದಿಗೆ ನಾವಿಬ್ಬರೂ ಬಿದ್ದೆವು. ಮೇಲಿನಿಂದ ಹುಡುಗಿಯರು ಕೂಗಿದರು, ಸೀಟಿ ಊದಿದರು, ಬೆಳಕು ಬಿಟ್ಟರು. ಯಾವುದೂ ಆ ಆಳಕ್ಕೆ ಇಳಿಯಲಿಲ್ಲ. ಕದಿರಪ್ಪನವರ ಹೆಬ್ಬೆರಳು ನನ್ನ ಗುಂಡಿಯನ್ನು ಹುಡುಕಿತು. ಟಕ್. ಟಕ್. ಎಷ್ಟು ಒತ್ತಿದರೂ ನಾನು ಕತ್ತಲನ್ನೇ ಕೊಟ್ಟೆ. ಕೊನೆಕೊನೆಗೆ ಮನೆಯಲ್ಲೇ ಇದ್ದೇನೆ ಎನಿಸಿತೋ ಏನೋ, ಹೆಂಡತಿಯನ್ನು ಕರೆದು "ತಾಯಮ್ಮ, ಲೈಟ್ ಹಾಕೇ" ಎಂದರು. ಆಮೇಲೆ ಹೆಬ್ಬೆರಳು ನಿಂತಿತು.

ಪೊಲೀಸರು ನನ್ನನ್ನು ತಿಂಗಳೊಪ್ಪತ್ತು ಚೀಲದಲ್ಲಿ ಕಟ್ಟಿಟ್ಟು ವಾಪಸು ಕೊಟ್ಟರು. ಅಂಬುಜಾ ನನ್ನನ್ನು ಮನೆಗೊಯ್ಯಲಿಲ್ಲ. ನೇರ ತಾಯಮ್ಮನ ಹೊಸಿಲಿಗೆ ಬಂದಳು. ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಉರುಹೊಡೆದಿದ್ದಳು. ತಾಯಮ್ಮನೇ ಕೇಳಿದಳು.

"ಒಂದೇ ಒಂದು ಹೇಳು ಮಗಾ. ನಮ್ಮೋರು ಕತ್ತಲಲ್ಲಿ ಹೋದ್ರಾ?"

ಅಂಬುಜಾ ನನ್ನನ್ನು ಅವಳ ಕೈಗಿಟ್ಟಳು.

"ಇಲ್ಲಮ್ಮ. ಬೆಳಗ್ಗೆ ನೋಡಿದಾಗ್ಲೂ ಇದು ಉರೀತಾನೇ ಇತ್ತು."

ತಾಯಮ್ಮ ನನ್ನನ್ನು ಸೆರಗಿನಿಂದ ಒರೆಸಿ, ಗಂಡನ ಫೋಟೋದ ಪಕ್ಕ ನಿಲ್ಲಿಸಿದಳು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ನನಗೂ ಕೈ ಮುಗಿಯುತ್ತಾಳೆ. ಸುಳ್ಳು ಹೇಳಿದವಳು ಹೊರಟುಹೋದಳು. ಅದನ್ನು ಹೊತ್ತು ನಿಂತಿರುವವನು ನಾನು.